‘ಅಯ್ಯೋ’ ಎಂಬ ಉದ್ಗಾರ

ದುಃಖವು ಥಟ್ಟನೆ ಎದುರಾದಾಗ ಮನುಷ್ಯನ ಬಾಯಿಂದ ಮೊದಲು ಹೊರಡುವುದು ವಾಕ್ಯವಲ್ಲ, ಉದ್ಗಾರ. ಪೂರ್ವ ಯೂರೋಪಿನ ಯೆಹೂದ್ಯರ ಮನೆಮಾತಾಗಿ ಬೆಳೆದ ಯಿಡ್ಡಿಷ್ ಭಾಷೆಯಲ್ಲಿ ಇಂತಹ ಸಮಯದಲ್ಲಿ ‘ಓಯ್ ವೇ’ ಎನ್ನುವರು. ‘ಓಯ್’ ಎಂಬುದು ಬರಿಯ ಕೂಗು; ‘ವೇ’ ಎಂದರೆ ನೋವು. ‘ಓಯ್ ವೇ ಇಜ್ ಮಿರ್’ ಎಂಬ ಪೂರ್ಣರೂಪಕ್ಕೆ ‘ಅಯ್ಯೋ, ನನಗೆ ಸಂಕಟವೊದಗಿತಲ್ಲಾ’ ಎಂದರ್ಥ. ಮಹಾವಿಪತ್ತಿಗೂ ಅದೇ ಮಾತು, ಒಲೆಯ ಮೇಲೆ ಹಾಲುಕ್ಕಿದರೂ ಅದೇ ಮಾತು.

ನಮ್ಮ ‘ಅಯ್ಯೋ’ ಎಂಬುದರ ವ್ಯಾಪ್ತಿಯೂ ಹೀಗೆಯೇ. ತಮಿಳರು, ತೆಲುಗರು, ಮಲೆಯಾಳಿಗಳು ಎಲ್ಲರಿಗೂ ಇದು ಪರಿಚಿತವಾದ ಶಬ್ದ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಸಹ 2016ರಲ್ಲಿ ಇದಕ್ಕೆ ಸ್ಥಾನವಿತ್ತಿತು. ತಂದೆಯನ್ನು ‘ಅಯ್ಯಾ’ ಎಂದು ಕರೆಯುವ ಕೂಗೇ ಇದರ ಮೂಲವೆಂದು ಬಗೆಯುವುದು ಯುಕ್ತವಾಗಿ ತೋರುತ್ತದೆ; ನೊಂದವನು ‘ಅಮ್ಮಾ’ ಎನ್ನುವುದಿಲ್ಲವೆ? ಇದಕ್ಕೆ ‘ಪಾಪ’ ಎಂಬುದು ಸೇರಿದರಂತೂ ಮಾತು ಪರರ ದುಃಖದ ಕಡೆಗೆ ತಿರುಗುತ್ತದೆ. ಸಂಸ್ಕೃತದಲ್ಲಿ ದುಷ್ಕೃತವೆಂಬ ಅರ್ಥವುಳ್ಳ ಆ ಪದವು ‘ಅಯ್ಯೋ ಪಾಪ’ ಎನ್ನುವಲ್ಲಿ ಕನಿಕರವಾಗಿಬಿಟ್ಟಿದೆ. ‘ಅಯ್ಯೋ ಎನ್ನುವವರಿಲ್ಲ’ ಎಂದರೆ ಅನಾಥನೆಂದೇ ತಾತ್ಪರ್ಯ.

ವ್ಯಾಕರಣದಲ್ಲಿ ಇಂತಹ ಶಬ್ದಗಳಿಗೆ ಒಂದು ವಿಶೇಷ ಮರ್ಯಾದೆಯುಂಟು. ‘ಅಹೋ’ ಎಂಬಂತೆ ಓಕಾರದಲ್ಲಿ ಕೊನೆಗೊಳ್ಳುವ ನಿಪಾತವು ಮುಂದಿನ ಸ್ವರದೊಡನೆ ಸಂಧಿಯಾಗಬಾರದೆಂದು ಪಾಣಿನಿಯು ವಿಧಿಸಿದ್ದಾನೆ. ಕನ್ನಡದಲ್ಲಿಯೂ ‘ಅಯ್ಯೋ ಇದೇನು’ ಎನ್ನುವಾಗ ಎರಡು ಪದಗಳೂ ಬೇರೆಬೇರೆಯಾಗಿಯೇ ನಿಲ್ಲುತ್ತವೆ. ಇದಕ್ಕೆ ಪ್ರಕೃತಿಭಾವವೆಂದು ಹೆಸರು. ಶಾಸ್ತ್ರಕಾರರ ಉದ್ದೇಶವು ಶಬ್ದಸಾಧುತ್ವವಷ್ಟೆ. ಆದರೂ ಗೃಹಸ್ಥರಿಗೆ ಇಲ್ಲೊಂದು ನೀತಿ ದೊರೆಯುತ್ತದೆ.

ನಮ್ಮ ಅಕ್ಕೂರಿನ ಕಡೆ ರೇಷ್ಮೆಹುಳು ಸಾಕುವವರ ಕಷ್ಟವನ್ನು ನೋಡಿರಿ. ಸೊಪ್ಪು ತಂದು, ಹೆಚ್ಚಿ, ರಾತ್ರಿ ನಿದ್ದೆಗೆಟ್ಟು ಸಾಕಿದ ಹುಳುಗಳು ನಾಲ್ಕನೆಯ ಜ್ವರವನ್ನೂ ದಾಟಿ, ಇನ್ನೇನು ಹಣ್ಣಾಗಿ ಚಂದ್ರಿಕೆಗೆ ಏರಬೇಕೆನ್ನುವಾಗ ಹಾಲುತೊಂಡೆ ರೋಗ ತಗುಲಿ ಸಾಯುವುದುಂಟು. ತಿಂಗಳ ದುಡಿಮೆ ತಟ್ಟೆಯಲ್ಲಿಯೇ ಕೊಳೆತುದನ್ನು ಕಂಡ ಗೃಹಿಣಿಯು ‘ಅಯ್ಯೋ’ ಎಂದರೆ, ಮನೆಯ ಹಿರಿಯರು ‘ದೀಪ ಹಚ್ಚೋ ಹೊತ್ತಿನಲ್ಲಿ ಅಯ್ಯೋ ಅಂತಾರೇನೆ? ಬಿಡ್ತು ಅನ್ನು’ ಎಂದು ಗದರುವರು. ನೆರೆಯವರೊಬ್ಬರು ‘ಮೊದಲೇ ಶುಚಿಯಾಗಿಟ್ಟುಕೊಂಡಿದ್ದರೆ ಹೀಗಾಗುತ್ತಿತ್ತೆ?’ ಎಂದು ಬುದ್ಧಿ ಹೇಳುವರು. ಆ ತಾಯಿಯ ಕೂಗು ಮುಗಿಯುವ ಮೊದಲೇ ಅದಕ್ಕೆ ಒಂದು ಕಡೆ ಶಕುನವನ್ನೂ ಇನ್ನೊಂದು ಕಡೆ ಉಪದೇಶವನ್ನೂ ಸಂಧಿಮಾಡಿಬಿಡುತ್ತೇವೆ.

ಶುಚಿತ್ವದ ಮಾತು ಸುಳ್ಳಲ್ಲ. ಮುಂದಿನ ಬೆಳೆಗೆ ಅದು ಅತ್ಯವಶ್ಯಕ. ಆದರೆ ಅದಕ್ಕೆ ನಾಳೆ ಹೊತ್ತಿದೆ. ಅಮಂಗಳವು ಹುಳುಗಳು ಸತ್ತುದರಲ್ಲಿದೆಯೇ ಹೊರತು, ಸತ್ತುವಲ್ಲಾ ಎಂದು ಮರುಗುವುದರಲ್ಲಿಲ್ಲ. ಬಾಯಲ್ಲಿ ತಡೆದ ದುಃಖವು ಎದೆಯಲ್ಲಿ ಕೂರುತ್ತದೆ. ಗದರಿಸಿಕೊಂಡವಳು ಮುಂದಿನ ಸಲ ಕಷ್ಟವನ್ನು ಮನೆಯವರಿಗೆ ಹೇಳುವುದನ್ನೇ ಬಿಟ್ಟಾಳು.

ಆದುದರಿಂದ ಮನೆಯಲ್ಲಿ ಯಾರಾದರೂ ‘ಅಯ್ಯೋ’ ಎಂದಾಗ ಆ ಶಬ್ದವನ್ನು ಕ್ಷಣಕಾಲ ಪ್ರಕೃತಿಭಾವದಲ್ಲಿ ನಿಲ್ಲಗೊಡಿರಿ. ಏನಾದರೂ ನುಡಿಯಲೇಬೇಕಾದರೆ, ಅದೇ ಶಬ್ದವನ್ನು ನೀವೂ ಮೆಲ್ಲಗೆ ಒಮ್ಮೆ ನುಡಿದರೆ ಸಾಕು.