ತಲಪಾಡಿಯಲ್ಲಿ ಕಡಿದ ಮಾತು

ನಮ್ಮ ಅಕ್ಕನನ್ನು ಕೊಟ್ಟದ್ದು ಉಪ್ಪಳಕ್ಕೆ. ಮಂಗಳೂರಿನ ನಮ್ಮ ಮನೆಯಿಂದ ಅಲ್ಲಿಗೆ ಮೋಟಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ೧೯೫೬ನೆಯ ಇಸವಿ ನವೆಂಬರ್ ೧ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರುವವರೆಗೆ ಎರಡೂ ಊರುಗಳು ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ತಲಪಾಡಿಯಲ್ಲಿ ಗಡಿಯು ಬಿದ್ದರೂ ನೆಂಟಸ್ತಿಕೆಗಳು ನಿಲ್ಲಲಿಲ್ಲ. ಹೆಣ್ಣು ಕೊಡುವುದು, ತರುವುದು, ಕಾಯಿಲೆಯಾದರೆ ಮಂಗಳೂರಿಗೆ ಧಾವಿಸುವುದು, ಎಲ್ಲವೂ ಹಿಂದಿನಂತೆಯೇ ನಡೆದು ಬಂದಿವೆ. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನಿಮಿತ್ತವಾಗಿ ಆ ದಾರಿಯನ್ನು ಮುಚ್ಚಿ, ರೋಗಿಗಳ ಗಾಡಿಗಳೂ ಅಲ್ಲಿಯೇ ನಿಂತಾಗ ಮಾತ್ರ ಗಡಿಯೆಂದರೇನೆಂಬುದು ನಮಗೆ ಅರಿವಾಗಿತ್ತು. ಆದರೆ ಆ ಗಡಿಯು ಮಾತಿಗೂ ಉಂಟೆಂದು ತಿಳಿದದ್ದು ಕಳೆದ ಮಳೆಗಾಲದ ಒಂದು ರಾತ್ರಿ.

ಗಂಟೆ ಹನ್ನೊಂದಾಗಿತ್ತು. ಅಕ್ಕನ ಕರೆ ಬಂದಿತು. “ತಮ್ಮಾ, ನಿನ್ನ ಭಾವನಿಗೆ ಎದೆನೋವು. ನೆರೆಮನೆಯವರ ಕಾರಿನಲ್ಲಿ ಹೊರಟಿದ್ದೇವೆ. ಆಸ್ಪತ್ರೆಗೆ ತಿಳಿಸಿಡು. ಫೋನು ಮಾತ್ರ ಇಡಬೇಡ, ನನಗೆ ಧೈರ್ಯವಿಲ್ಲ” ಎಂದಳು. ನಮ್ಮ ಮನೆಯಾಕೆಯು ತನ್ನ ಫೋನಿನಿಂದ ಆಸ್ಪತ್ರೆಗೆ ತಿಳಿಸಿದಳು; ನಾವು ಅಕ್ಕನೊಡನೆ ಮಾತಾಡುತ್ತಲೇ ಇದ್ದೆವು. ಹೊಸಂಗಡಿ ಬಂತು ಎಂದಳು; ಸ್ವಲ್ಪ ಹೊತ್ತಿನಲ್ಲಿ ಕುಂಜತ್ತೂರು ಎಂದಳು. ತಲಪಾಡಿಯ ಹತ್ತಿರಕ್ಕೆ ಬಂದಿರಬೇಕು, “ತಮ್ಮಾ, ಇವರು ಕಣ್ಣು...” ಎಂಬಲ್ಲಿಗೆ ಮಾತು ಕಡಿದುಹೋಯಿತು.

ಕಣ್ಣು ಬಿಟ್ಟರೋ, ಕಣ್ಣು ಮುಚ್ಚಿದರೋ? ವಾಚಕರೇ ಊಹಿಸಿಕೊಳ್ಳಲಿ. ಮರಳಿ ಕರೆದರೆ, ಆ ಸಂಖ್ಯೆಯು ಸಂಪರ್ಕಕ್ಕೆ ಸಿಗುತ್ತಿಲ್ಲವೆಂಬ ಯಂತ್ರದ ಧ್ವನಿಯೊಂದೇ ಉತ್ತರ. ನಮ್ಮ ಮನೆಯಾಕೆ ದೇವರ ಮುಂದೆ ದೀಪ ಹಚ್ಚಿ ನಿಂತಳು. ನಮಗೆ ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಐದು ನಿಮಿಷದ ಮೇಲೆ ಫೋನು ಮೊಳಗಿತು. “ಕೋಟೆಕಾರು ದಾಟಿದೆವು. ಕಣ್ಣು ಬಿಟ್ಟು ನೀರು ಕೇಳಿದರು ಅಂತ ಹೇಳುವುದರಲ್ಲಿದ್ದೆ, ಅಷ್ಟರಲ್ಲಿ ಇದು ಸತ್ತಿತು!” ಅಲ್ಲಿಂದ ತೊಕ್ಕೊಟ್ಟು, ನೇತ್ರಾವತಿಯ ಸೇತುವೆ, ಜಪ್ಪಿನಮೊಗರು, ಪಂಪ್‌ವೆಲ್ ದಾಟಿ ಆಸ್ಪತ್ರೆಯ ಬಾಗಿಲಿನವರೆಗೆ ಅಕ್ಕನ ಮಾತು ಒಂದು ಅಕ್ಷರವೂ ತಪ್ಪದೆ ಕೇಳುತ್ತಿತ್ತು.

ಭಾವನವರ ಆಯುಸ್ಸು ಗಟ್ಟಿಯಾಗಿತ್ತು. ಎರಡನೆಯ ದಿನ ಅವರ ಮಗನು ಬೆಂಗಳೂರಿನಿಂದ ಬಂದನು. ಇವನ ಉದ್ಯೋಗವೇ ಈ ಮೊಬೈಲು ಜಾಲಗಳದ್ದು. ಆಸ್ಪತ್ರೆಯ ಹಜಾರದ ಬೆಂಚಿನ ಮೇಲೆ ಕುಳಿತು ನಾವು ಅವನನ್ನು ಕೇಳಿದೆವು: “ಅಷ್ಟು ಅಗಲದ ಹೊಳೆಯ ಮೇಲೆ ಕಡಿಯದ ಮಾತು ತಲಪಾಡಿಯಲ್ಲಿ ಏಕೆ ಕಡಿಯಿತು?”

“ಮಾವ, ಹೊಳೆ ದಾಟುವಾಗ ನಿಮ್ಮ ಮಾತನ್ನು ಒಂದು ಟವರು ಇನ್ನೊಂದರ ಕೈಗೆ ಕೊಟ್ಟಿತು. ತಲಪಾಡಿಯಲ್ಲಿ ಕೊಡುವ ಕೈಯಿತ್ತು, ತೆಗೆದುಕೊಳ್ಳುವ ಕೈ ಚಾಚಿರಲಿಲ್ಲ” ಎಂದನು.

ಅವನು ಹೇಳಿದುದನ್ನು ನಮಗೆ ತಿಳಿದಷ್ಟು ಇಲ್ಲಿ ಬರೆಯುತ್ತೇವೆ. ೨೦೦೯ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್, ಓಸ್ಲೋ ನಗರಗಳಲ್ಲಿ ಜನರ ಬಳಕೆಗೆ ಬಂದು, ೨೦೧೨ರಲ್ಲಿ ಕಲ್ಕತ್ತೆಯ ಮೂಲಕ ನಮ್ಮ ದೇಶವನ್ನು ಹೊಕ್ಕ ನಾಲ್ಕನೆಯ ತಲೆಮಾರಿನ ಜಾಲಕ್ಕೆ ಎಲ್‌ಟಿಇ ಎಂದು ಹೆಸರು. ಅದರಲ್ಲಿ ಪ್ರತಿಯೊಂದು ಟವರಿಗೂ ಅದರದೇ ಆದ ಹರಹು. ಪೇಟೆಯಲ್ಲಿ ಕೆಲವು ನೂರು ಮೀಟರು, ಹಳ್ಳಿಗಳಲ್ಲಿ ಕೆಲವು ಕಿಲೋಮೀಟರು. ನಾವು ಮಾತಾಡುತ್ತಿರುವಾಗಲೇ ಫೋನು ಸುಮ್ಮನಿರದೆ ನೆರೆಯ ಟವರುಗಳ ಬಲವನ್ನು ಅಳೆಯುತ್ತಲೇ ಇರುತ್ತದೆ. ನೆರೆಯದರ ಬಲವು ಈಗಿನದಕ್ಕಿಂತ ಒಂದು ಗೊತ್ತಾದ ಪ್ರಮಾಣದಷ್ಟು, ಉದಾಹರಣೆಗೆ ೩ ಡೆಸಿಬೆಲ್, ಎಂದರೆ ಸುಮಾರು ಇಮ್ಮಡಿ, ಹೆಚ್ಚಾಗಿ, ಒಂದು ಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟು ಹೊತ್ತಾದರೂ ಹಾಗೆಯೇ ನಿಂತರೆ, ಫೋನು ತನ್ನ ಟವರಿಗೆ ವರದಿ ಕೊಡುತ್ತದೆ. ಇಷ್ಟು ಕಾಯುವುದೇತಕ್ಕೆಂದರೆ, ಇಲ್ಲವಾದರೆ ಎರಡು ಟವರುಗಳ ನಡುವೆ ನಿಂತವನ ಮಾತು ಚೆಂಡಿನಂತೆ ಅತ್ತಿಂದಿತ್ತ ಪುಟಿಯುತ್ತಿರುತ್ತದೆ.

ವರದಿಯು ಬಂದೊಡನೆ ಹಳೆಯ ಟವರು ಹೊಸದನ್ನು ಕೇಳುತ್ತದೆ: ಇಂತಹವನು ಬರುತ್ತಿದ್ದಾನೆ, ಸ್ಥಳವುಂಟೆ? ಹೊಸದು ಸ್ಥಳವನ್ನು ಕಾದಿರಿಸಿ ಉಂಟೆನ್ನುತ್ತದೆ. ಅನಂತರವೇ ಫೋನಿಗೆ ಅಪ್ಪಣೆ. ಅದು ಹಳೆಯದನ್ನು ಬಿಟ್ಟು ಹೊಸದರ ಬಾಗಿಲು ತಟ್ಟುತ್ತದೆ. ಈ ನಡುವೆ ಹಳೆಯ ಟವರಿಗೆ ಬಂದು ಸೇರಿದ ಮಾತುಗಳನ್ನು ಅದು ಹೊಸದಕ್ಕೆ ಕಳುಹಿಸುತ್ತದೆ. ಮೇಲಿನ ಕೇಂದ್ರಕ್ಕೆ ದಾರಿ ಬದಲಾದ ಸುದ್ದಿ ಮುಟ್ಟಿದ ಮೇಲೆ ಹಳೆಯ ಟವರಿನ ಋಣ ತೀರುತ್ತದೆ. ಬಿಡುವುದಕ್ಕೂ ಹಿಡಿಯುವುದಕ್ಕೂ ನಡುವಿನ ಅವಕಾಶವು ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನಷ್ಟು. ಗಂಟೆಗೆ ೬೦ ಕಿಲೋಮೀಟರು ವೇಗದ ಕಾರು ಅಷ್ಟರಲ್ಲಿ ಎರಡು ಮೊಳವೂ ಮುಂದೆ ಹೋಗದು. ಕಿವಿಗೆ ಅದು ಗೊತ್ತಾಗುವುದೆಂತು?

ಹೀಗೆ ಅವನು ಹೇಳುತ್ತಿರುವಾಗ ಎದುರಿನ ಕೋಣೆಯ ಬಾಗಿಲಿನಲ್ಲಿ ದಾದಿಯೊಬ್ಬಳು ಹಸುಗೂಸನ್ನು ಅದರ ಅಜ್ಜಿಗೆ ಕೊಡುತ್ತಿದ್ದಳು. ಮುದುಕಿಯು ಕುಳಿತು, ಸೆರಗು ಹರಡಿ, ಎರಡೂ ಕೈ ಚಾಚಿ “ಹ್ಞೂ” ಎಂದ ಮೇಲೆಯೇ ದಾದಿಯು ಕೈ ಸಡಿಲಿಸಿದಳು. “ಇದೇ ತಾನೆ?” ಎಂದೆವು. “ಹೆಚ್ಚುಕಡಿಮೆ ಇದೇ. ಆದರೆ ಕೂಸನ್ನು ಒಂದು ಕ್ಷಣ ಇಬ್ಬರೂ ಹಿಡಿದಿರುತ್ತಾರೆ. ಮೂರನೆಯ ತಲೆಮಾರಿನ ಜಾಲದಲ್ಲಿ ಹಾಗೆ ಹಿಡಿಯುವ ಪದ್ಧತಿಯಿತ್ತು. ಇದರಲ್ಲಿ ಬಿಟ್ಟೇ ಹಿಡಿಯಬೇಕು. ಆದ್ದರಿಂದಲೇ ಮೊದಲ ಏರ್ಪಾಡೆಲ್ಲ ಅಷ್ಟು ಮುಖ್ಯ” ಎಂದನು. ಎರಡು ಕೈಗಳಿದ್ದ ಪದ್ಧತಿಯನ್ನು ಬಿಟ್ಟುದೇಕೆಂದು ನಮ್ಮ ಮನಸ್ಸು ಗೊಣಗಿತು. ಒಬ್ಬನಿಗಾಗಿ ಎರಡು ಟವರುಗಳು ದುಡಿಯುವ ಖರ್ಚು ಉಳಿಯುತ್ತದಂತೆ.

ಇನ್ನು ತಲಪಾಡಿಯ ಸಂಗತಿ. ದೂರವಾಣಿಯ ಲೆಕ್ಕದಲ್ಲಿ ನಮ್ಮ ದೇಶವು ಸರ್ಕಲ್ಲುಗಳೆಂಬ ೨೨ ಭಾಗಗಳಾಗಿ ಹಂಚಿದೆ. ಕರ್ನಾಟಕವೊಂದು, ಕೇರಳವೊಂದು. ಕಂಪನಿಯು ಒಂದೇ ಆದರೂ ಪ್ರತಿಯೊಂದು ಸರ್ಕಲ್ಲಿನಲ್ಲಿ ಅದರ ಜಾಲದ ಗುರುತಿನ ಸಂಖ್ಯೆ ಬೇರೆ. ಗಡಿಯ ಈಚೆಯ ಟವರನ್ನು ಆಚೆಯದು ತನ್ನ ನೆರೆಯವರ ಪಟ್ಟಿಯಲ್ಲಿ ಬರೆದುಕೊಂಡು, ಎರಡರ ಮೇಲಿನ ಕೇಂದ್ರಗಳಿಗೂ ಹೊಂದಿಕೆಯಿದ್ದರೆ ಮಾತು ದಾಟೀತು. ಇಲ್ಲವಾದರೆ ಫೋನು ಹಿಂದಿನ ಟವರಿನ ಕ್ಷೀಣವಾದ ಬಲಕ್ಕೇ ಜೋತುಬಿದ್ದು, ಕೊನೆಗೆ ಅದೂ ತಪ್ಪಿ, ಹೊಸ ಜಾಲವನ್ನು ಹುಡುಕಿ, ಹೆಸರು ದಾಖಲಿಸಿ, ಮೊದಲಿನಿಂದ ಆರಂಭಿಸಬೇಕು. ಎಲ್ಲ ಕಂಪನಿಗಳಲ್ಲಿಯೂ ಎಲ್ಲ ವೇಳೆಯೂ ಹೀಗೆಯೇ ಆಗುವುದೆಂದಿಲ್ಲ ಎಂದು ಅಳಿಯನು ನ್ಯಾಯವಾಗಿಯೇ ಸೇರಿಸಿದನು. ಗಡಿ ದಾಟಿದವರಿಗೆ ಸ್ವಾಗತದ ಸಂದೇಶವು ಮಾತ್ರ ತಪ್ಪದೆ ಬರುವುದನ್ನು ನಾವು ಕಂಡಿದ್ದೇವೆ. ಆ ಐದು ನಿಮಿಷಗಳನ್ನು ನೆನೆದರೆ ಸ್ವಾಗತದ ಮಾತು ನಮಗೆ ಅಷ್ಟೇನೂ ರುಚಿಸುವುದಿಲ್ಲ.

ಭಾವನವರು ಈಗ ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾರೆ. ದಾರಿಯುದ್ದಕ್ಕೂ ಮಾತಾಡುವ ಅಭ್ಯಾಸವನ್ನು ಅಕ್ಕನು ಬಿಟ್ಟಿಲ್ಲ. ಆದರೆ ಕುಂಜತ್ತೂರು ಬಂದೊಡನೆ, “ಇವರು ಚೆನ್ನಾಗಿದ್ದಾರೆ, ಕಿಟಕಿಯ ಹತ್ತಿರ ಕೂತಿದ್ದಾರೆ, ಈಗ ಇಡುತ್ತೇನೆ. ಕೋಟೆಕಾರಿನಲ್ಲಿ ನಾನೇ ಮಾಡುತ್ತೇನೆ” ಎಂದು ವಾಕ್ಯವನ್ನು ಪೂರ್ತಿ ಮುಗಿಸಿಯೇ ಫೋನು ಇಡುತ್ತಾಳೆ.