ಸಂಸ್ಕಾರಕ್ಕೆ ಮುನ್ನ

ನಾಮಕರಣ, ಅಕ್ಷರಾಭ್ಯಾಸ, ಉಪನಯನ, ಲಿಂಗಧಾರಣೆ—ಹೀಗೆ ಮಗುವನ್ನು ತಮ್ಮ ಸಮುದಾಯಕ್ಕೆ ಬರಮಾಡಿಕೊಳ್ಳುವ ವಿಧಿಗಳು ನಮ್ಮ ನಾಡಿನ ಹಲವು ಮತಗಳಲ್ಲಿ ಉಂಟು. ಕಥೋಲಿಕ ಕ್ರೈಸ್ತರಾದ ನಮ್ಮಲ್ಲಿ ಇಂಥವು ಮೂರು: ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ. ಮೊದಲನೆಯದರಲ್ಲಿ ತಲೆಯ ಮೇಲೆ ನೀರೆರೆಯುತ್ತಾರೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಬಿಷಪರು ಹಣೆಗೆ ಪರಿಮಳ ಬೆರೆತ ಪವಿತ್ರ ತೈಲವನ್ನು ಹಚ್ಚುತ್ತಾರೆ. ಮೂರನೆಯದರಲ್ಲಿ ಯೇಸುಸ್ವಾಮಿಯ ಶರೀರವೆಂದು ನಾವು ನಂಬುವ ರೊಟ್ಟಿಯನ್ನು ಸ್ವೀಕರಿಸುತ್ತೇವೆ. ಈ ಮೂರೂ ದೇವರ ಉಚಿತ ಕೊಡುಗೆಗಳೆಂದು ನಮ್ಮ ಧರ್ಮಸಭೆಯ ಬೋಧನೆ. ಉಚಿತವಾದ ಮೇಲೆ ತಿಂಗಳುಗಟ್ಟಲೆ ಪಾಠ, ಪ್ರಾರ್ಥನೆ, ಉಪವಾಸಗಳ ಸಿದ್ಧತೆ ಏಕೆ? ವಿದ್ಯಾರ್ಥಿನಿಲಯದ ಮಿತ್ರರು ನನ್ನನ್ನು ಹಲವು ಸಲ ಕೇಳಿರುವ ಪ್ರಶ್ನೆ ಇದು. ನನಗೆ ತಿಳಿದಷ್ಟನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ಈ ಸಿದ್ಧತೆ ಬಹು ಹಳೆಯದು. ಆದಿ ಶತಮಾನಗಳಲ್ಲಿ ಕ್ರೈಸ್ತರಾಗಬಯಸಿದವರು ಕೆಲವೆಡೆ ಮೂರು ವರ್ಷಗಳವರೆಗೂ ಉಪದೇಶ ಕೇಳಬೇಕಾಗಿತ್ತು. ಮಿಲಾನಿನಲ್ಲಿ ವಾಗ್ಮಿತೆಯ ಅಧ್ಯಾಪಕರಾಗಿದ್ದ ಅಗಸ್ಟೀನರಂಥ ಪಂಡಿತರೂ ಉಳಿದವರಂತೆಯೇ ಸಿದ್ಧರಾಗಿ, 387ರ ಈಸ್ಟರ್ ಹಬ್ಬದ ರಾತ್ರಿ, ತಮ್ಮ 32ನೆಯ ವಯಸ್ಸಿನಲ್ಲಿ ಬಿಷಪ್ ಅಂಬ್ರೋಸರಿಂದ ಜ್ಞಾನಸ್ನಾನ ಪಡೆದರು. ಅಂದು ಮೂರು ಸಂಸ್ಕಾರಗಳೂ ಒಂದೇ ರಾತ್ರಿ ನಡೆಯುತ್ತಿದ್ದುವು. ಶಿಶುಗಳಿಗೆ ಜ್ಞಾನಸ್ನಾನ ಕೊಡುವ ವಾಡಿಕೆ ಬೆಳೆದಂತೆ ಪಶ್ಚಿಮದಲ್ಲಿ ಅವು ಬೇರೆ ಬೇರೆ ವಯಸ್ಸಿಗೆ ಸರಿದುವು. ಸುಮಾರು ಏಳು ವರ್ಷದ ಮಕ್ಕಳೂ ಪ್ರಸಾದ ಪಡೆಯಬಹುದೆಂದು 1910ರಲ್ಲಿ ಪೋಪ್ ಹತ್ತನೆಯ ಪಿಯುಸರು ವಿಧಿಸಿದರು. ದಿನದ ಊಟದ ರೊಟ್ಟಿಗೂ ಇದಕ್ಕೂ ಇರುವ ಭೇದವನ್ನು ಮಗು ತನ್ನ ಅಳವಿಗೆ ತಕ್ಕಂತೆ ಅರಿತಿದ್ದರೆ ಸಾಕು. ವಯಸ್ಕರಿಗಾಗಿ ಹಳೆಯ ದೀಕ್ಷಾಕ್ರಮವನ್ನು ಮತ್ತೆ ಆಚರಣೆಗೆ ತರಬೇಕೆಂದು 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ನಿರ್ಧರಿಸಿತು. 1972ರಲ್ಲಿ ಅದರ ವಿಧಿಗ್ರಂಥ ಹೊರಬಂದಿತು.

ನನ್ನ ಅಜ್ಜಿಗೆ ಓದುಬರಹ ಬಾರದು. ಆಕೆಯ ಬಾಲ್ಯದಲ್ಲಿ ಪೂಜೆ ನಡೆಯುತ್ತಿದ್ದುದು ಲ್ಯಾಟಿನ್ನಿನಲ್ಲಿ; ಉಪದೇಶ ಮಾತ್ರ ಕನ್ನಡದಲ್ಲಿ. ಸಂಜೆಯ ಹೊತ್ತು ದೇವಾಲಯದ ಜಗಲಿಯಲ್ಲಿ ಕುಳಿತು, ಉಪದೇಶಿಗಳು ಹೇಳಿಕೊಟ್ಟ ಪ್ರಶ್ನೋತ್ತರಗಳನ್ನೆಲ್ಲ ಆಕೆ ಬಾಯಿಪಾಠ ಮಾಡಿದ್ದಳು. ಮೊದಲ ಪ್ರಸಾದದ ಹಿಂದಿನ ರಾತ್ರಿ ಹನ್ನೆರಡರಿಂದ ಒಂದು ತೊಟ್ಟು ನೀರನ್ನೂ ಮುಟ್ಟಲಿಲ್ಲವಂತೆ. ನೀರು ಕುಡಿಯಲು ಅನುಮತಿ ದೊರೆತದ್ದು 1953ರಲ್ಲಿ. ಉಪವಾಸ 1957ರಲ್ಲಿ ಮೂರು ಗಂಟೆಗೆ, 1964ರಲ್ಲಿ ಒಂದು ಗಂಟೆಗೆ ಇಳಿಯಿತು.

ಅಜ್ಜಿಯ ಬಾಯಿಪಾಠದಲ್ಲಿ ಒಂದು ಪ್ರಶ್ನೆಯಿತ್ತು: ಸಾಯುವ ಸ್ಥಿತಿಯಲ್ಲಿರುವ ಶಿಶುವಿಗೆ ಜ್ಞಾನಸ್ನಾನ ಕೊಡಬಲ್ಲವರು ಯಾರು? ಗುರುಗಳು ದೊರೆಯದಾಗ ಯಾರಾದರೂ ಸರಿ, ಕ್ರೈಸ್ತರಲ್ಲದವರೂ ಸಹ, ಧರ್ಮಸಭೆಯ ಉದ್ದೇಶವನ್ನೇ ಮನಸ್ಸಿನಲ್ಲಿಟ್ಟುಕೊಂಡು ಪಿತ ಸುತ ಪವಿತ್ರಾತ್ಮರ ಹೆಸರಿನಲ್ಲಿ ನೀರೆರೆಯಬಹುದು ಎಂಬುದು ಉತ್ತರ. ನಾನು ಹುಟ್ಟುವುದಕ್ಕೆ ಮೂರು ವರ್ಷ ಮುಂಚೆ, ಒಂದು ಮಳೆಯ ರಾತ್ರಿ, ದಿನ ತುಂಬುವ ಮೊದಲೇ ನನ್ನ ಅಣ್ಣ ಮನೆಯಲ್ಲಿ ಹುಟ್ಟಿದ. ಹುಟ್ಟಿದಾಗಲೇ ಉಸಿರು ಕ್ಷೀಣವಾಗಿತ್ತು. ಅಜ್ಜಿ ಚೊಂಬಿನ ನೀರನ್ನು ಅಂಗೈಯಲ್ಲಿ ತೆಗೆದುಕೊಂಡು, ಆ ಮಾತುಗಳನ್ನು ಹೇಳುತ್ತ, ಮೂರು ಬಾರಿ ಅವನ ನೆತ್ತಿಗೆ ಎರೆದಳು; ತಾತನ ಹೆಸರನ್ನೇ ಇಟ್ಟಳು. ಅವನು ಒಂದು ಗಂಟೆ ಬದುಕಿದ್ದ. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ನನ್ನ ತಾಯಿ ಇಂದಿಗೂ ಎರಡು ಎಂದೇ ಹೇಳುತ್ತಾಳೆ.

ಅಣ್ಣ ಯಾವ ಪಾಠವನ್ನೂ ಕಲಿಯಲಿಲ್ಲ, ಒಂದು ಹೊತ್ತೂ ಉಪವಾಸವಿರಲಿಲ್ಲ. ಆದರೂ ಅವನು ಪಡೆದ ಸಂಸ್ಕಾರ ಅಗಸ್ಟೀನರು ಪಡೆದದ್ದಕ್ಕಿಂತ ಕಡಿಮೆಯದಲ್ಲ. ಆದಕಾರಣ ಸಿದ್ಧತೆ ಎಂಬುದು ನಾವು ತೆರುವ ಬೆಲೆಯಾಗಿರಲಾರದು. ಈ ಮಾತನ್ನು ಅಜ್ಜಿಯ ಮುಂದೆ ಇಟ್ಟಾಗ ಆಕೆ ಹೇಳಿದಳು: “ಮಳೆ ಏನು ಕಾಸು ಕೇಳ್ಕೊಂಡು ಸುರೀತದಾ ಮಗಾ? ಪುಕ್ಕಟೆ ಬೀಳ್ತದೆ. ಆದ್ರೆ ಕೆರೆ ಹೂಳು ತೆಗೀದಿದ್ರೆ ನೀರು ಎಲ್ಲಿ ನಿಲ್ತದೆ?” ಐವತ್ತು ವರ್ಷಗಳ ಹಿಂದೆ ಜಗಲಿಯಲ್ಲಿ ಕಲಿತದ್ದು ಆ ರಾತ್ರಿ ಆಕೆಯ ಬಾಯಿಗೆ ತಪ್ಪದೆ ಬಂದಿತಲ್ಲ! ಒಬ್ಬರು ಮಾಡಿಕೊಂಡ ಸಿದ್ಧತೆ ಹಾಗೆ ಇನ್ನೊಬ್ಬರಿಗೂ ಒದಗುತ್ತದೆ.

ಹದಿನಾಲ್ಕನೆಯ ವಯಸ್ಸಿನಲ್ಲಿ ನಾನು ದೃಢೀಕರಣಕ್ಕೆ ಸಿದ್ಧನಾದೆ. ಶಿಶುವಾಗಿದ್ದಾಗ ಗುರುಗಳ ಪ್ರಶ್ನೆಗಳಿಗೆ ನನ್ನ ಹೆತ್ತವರೂ ಜ್ಞಾನತಂದೆತಾಯಿಗಳೂ ಉತ್ತರ ಕೊಟ್ಟಿದ್ದರು: ಕೇಡನ್ನು ತೊರೆಯುವೆಯಾ? ದೇವರನ್ನು ನಂಬುವೆಯಾ? ಅವೇ ಪ್ರಶ್ನೆಗಳನ್ನು ಈಗ ಬಿಷಪರು ನನ್ನನ್ನೇ ಕೇಳುವವರಿದ್ದರು. ಹೌದು ಎನ್ನಲು ಒಂದು ಕ್ಷಣ ಸಾಕು. ಆ ಹೌದಿನ ಅರ್ಥವೇನೆಂದು ಯೋಚಿಸಲು ಆರು ತಿಂಗಳೂ ಸಾಲದೆನಿಸಿತು. ಅಣ್ಣನಿಗೆ ದೊರೆಯದ ಕಾಲಾವಕಾಶ ನನಗೆ ದೊರೆತಿದೆಯೆಂಬ ಭಾವನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ರಜೆಯಲ್ಲಿ ಊರಿಗೆ ಹೋದಾಗ, ಮೊದಲ ಪ್ರಸಾದಕ್ಕೆ ಸಿದ್ಧರಾಗುವ ಮಕ್ಕಳಿಗೆ ಈಗ ನಾನೂ ಪಾಠ ಹೇಳುತ್ತೇನೆ. ಉಳಿದ ಪ್ರಶ್ನೆಗಳನ್ನು ಒಂದೊಂದು ಸಲ ಹೇಳಿಸುತ್ತೇನೆ. ಅಜ್ಜಿಯ ಆ ಒಂದು ಪ್ರಶ್ನೆಯನ್ನು ಮಾತ್ರ ಎರಡು ಸಲ.