ಅಪ್ಪನ ಹೊಲದ ಫ್ಯಾನು

ಗದಗ ಜಿಲ್ಲೆಯ ಕಪ್ಪತಗುಡ್ಡದ ಕಡೆ ನಮ್ಮೂರು. ಕಣದಲ್ಲಿ ಜೋಳದ ರಾಶಿ ಮಾಡುವಾಗ ಅಜ್ಜಿ ಮೊರ ಎತ್ತಿ ಹಿಡಿದು ಗಾಳಿಗಾಗಿ ಕಾಯುತ್ತಿದ್ದಳು. ಗಾಳಿ ಬಂತೋ, ಹೊಟ್ಟು ಅತ್ತ, ಕಾಳು ಇತ್ತ. ನಾನು ನೋಡಿದ ಮೊದಲ ಪವನಶಕ್ತಿ ಅದೇ.

ನಾನು ಇಂಜಿನಿಯರಿಂಗ್ ಸೇರಿದ ವರ್ಷ ಅಪ್ಪ ಎರಡೆಕರೆ ಹೊಲವನ್ನು ಗಾಳಿ ಫ್ಯಾನಿನ ಕಂಪನಿಯೊಂದಕ್ಕೆ ಮಾರಿದರು. ನನ್ನ ಫೀಸು ಬಂದದ್ದು ಅದರಿಂದಲೇ. ಊರಿಗೆ ಹೋದಾಗಲೆಲ್ಲ ಆ ಫ್ಯಾನು ನೋಡಿದರೆ ಏನೋ ಸಂಕಟ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಕರೆಂಟ್ ಹೋಯಿತು. "ನಮ್ಮ ಹೊಲದಾಗ ಫ್ಯಾನ್ ತಿರಗತೈತಿ, ನಮ್ಮ ಮನ್ಯಾಗ ಕತ್ತಲಿ. ಇದೆಂಥಾ ಲೆಕ್ಕೋ?" ಅಂದರು ಅಪ್ಪ. ಫ್ಯಾನಿನ ಕರೆಂಟ್ ಟ್ರಾನ್ಸ್‌ಫಾರ್ಮರ್ ದಾಟಿ ನೇರ ಸಬ್‌ಸ್ಟೇಷನ್ ಸೇರುತ್ತದೆ, ಮನೆಗೆ ಬರುವ ಲೈನೇ ಬೇರೆ ಅಂತ ವಿವರಿಸಿದೆ. ಅಪ್ಪ ಸುಮ್ಮನಾದರು. ನನಗೆ ಸುಮ್ಮನಿರಲಾಗಲಿಲ್ಲ.

ಬೆಂಗಳೂರಿಂದ ಒಂದು ಮೀಟರ್ ಅಗಲದ ಪುಟ್ಟ ಫ್ಯಾನು ತಂದು ಮಾಳಿಗೆ ಮೇಲೆ ಕೂರಿಸಿದೆ. ಬಲ್ಬ್ ಹತ್ತಲೇ ಇಲ್ಲ! ಆಮೇಲೆ ಲೆಕ್ಕ ಹಾಕಿದೆ. ಗಾಳಿಯ ವೇಗ ಅರ್ಧವಾದರೆ ಅದರ ಶಕ್ತಿ ಎಂಟನೇ ಒಂದು ಭಾಗಕ್ಕಿಳಿಯುತ್ತದೆ. ಮನೆ, ಮರಗಳ ನಡುವೆ ಸೆಕೆಂಡಿಗೆ 3 ಮೀಟರ್ ವೇಗದ ಗಾಳಿಯಲ್ಲಿ ನನ್ನ ಫ್ಯಾನಿಗೆ ಸಿಗುವುದು ಮೂರ್ನಾಲ್ಕು ವಾಟ್ ಅಷ್ಟೇ. ಗುಡ್ಡದ ಫ್ಯಾನಿನ ಅಗಲ 100 ಮೀಟರ್ ಅಂದುಕೊಂಡರೂ ಅದು ಬಳಸುವ ಗಾಳಿಯ ಹರವು ನನ್ನದರ 10,000 ಪಟ್ಟು. ಮೇಲಾಗಿ ಅಷ್ಟೆತ್ತರದ ಗಾಳಿಗೆ ಅಡ್ಡಿಯೂ ಕಡಿಮೆ. ಹಾಗೆಂದು ಯಾವ ಫ್ಯಾನೂ ಗಾಳಿಯ ಶಕ್ತಿಯನ್ನೆಲ್ಲ ಹೀರಿಕೊಳ್ಳಲಾರದು. 59 ಶೇಕಡಾವೇ ಮಿತಿ. ಹಾದುಹೋಗುವ ಗಾಳಿಗೂ ಮುಂದೆ ಸಾಗಲು ಒಂದಿಷ್ಟು ಉಳಿಸಬೇಕಲ್ಲ!

ಕೊನೆಗೆ ಒಂದು ಸೋಲಾರ್ ಪ್ಲೇಟು, ಬ್ಯಾಟರಿ ತಂದು ದೀಪ ಹಾಕಿಸಿದೆ. ಫ್ಯಾನು ಇಳಿಸುವಾಗ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂತು: "ನನ್ನ ಸಲುವಾಗಿ ಹೊಲ ಹೋತಲ್ಲಪ್ಪಾ."

ಅಪ್ಪ ನಕ್ಕರು. "ತೂರಿದ ಮ್ಯಾಲ ಹೊಟ್ಟು ಎಲ್ಲಿ ಬಿತ್ತಂತ ಯಾರರ ನೋಡ್ತಾರೇನು? ಕಾಳು ನಮ್ಮ ಕಡೆ ಉಳದೈತಿ, ಸಾಕು."

ಈಗ ಆ ಪುಟ್ಟ ಫ್ಯಾನು ಉಳಿದ ಹೊಲದಲ್ಲಿದೆ. ಅಪ್ಪ ಅದಕ್ಕೊಂದು ತಗಡಿನ ಡಬ್ಬಿ ಕಟ್ಟಿದ್ದಾರೆ. ಸಣ್ಣ ಗಾಳಿ ಬೀಸಿದರೂ ಡಬಡಬ ಸದ್ದು. ಜೋಳಕ್ಕೆ ಬರುವ ಗಿಳಿಗಳು ಹಾರಿಹೋಗುತ್ತವಂತೆ. "ನಿನ್ನ ಫ್ಯಾನು ಭಾರಿ ದುಡೀತೈತಿ" ಅಂತ ಮೊನ್ನೆ ಫೋನಿನಲ್ಲಿ ಹೇಳಿದರು.